ಹಿರಿಯರ ಆರೈಕೆ, ಆರೈಕೆ ಮಾಡುವವರಿಗೆ ಆಸರೆ: ಗೋವಾ, ಕೇರಳ ಮತ್ತು ಬೆಂಗಳೂರಿನ ಕೆಲವು ಹೊಸ ಪ್ರಯೋಗಗಳು

ಹಿರಿಯರ ಸೇವೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ವೃದ್ಧಾಶ್ರಮ. ಕ್ರಿಸ್ಮಸ್ ಸಮಯದಲ್ಲಿ ಹಣ್ಣು ಹಂಪಲು ಹಿಡಿದುಕೊಂಡು ಅಲ್ಲಿಗೆ ಹೋಗಿ, ಹಾಡು ಹಾಡಿ, ಫೋಟೊ ತೆಗೆಸಿಕೊಂಡು ಬರುವುದು ವಾಡಿಕೆ. ಇದು ಒಳ್ಳೆಯ ಕೆಲಸವೇ. ಆದರೆ ನಮ್ಮ ದೇಶದ ಹಿರಿಯರಲ್ಲಿ ಬಹುಪಾಲು ಮಂದಿ ಆಶ್ರಮಗಳಲ್ಲಿ ಇಲ್ಲ, ತಮ್ಮ ತಮ್ಮ ಮನೆಗಳಲ್ಲೇ ಇದ್ದಾರೆ. ಅವರ ಆರೈಕೆ ನಡೆಯುತ್ತಿರುವುದು ನಮ್ಮ ನೆರೆಮನೆಯ ಒಳಕೋಣೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ. ಆ ಕೋಣೆಯಲ್ಲಿ ಹಾಸಿಗೆ ಹಿಡಿದ ಒಬ್ಬರ ಜೊತೆಗೆ ಇನ್ನೊಬ್ಬರೂ ಇರುತ್ತಾರೆ: ಹಗಲಿರುಳು ಆರೈಕೆ ಮಾಡುವ ಹೆಂಡತಿ, ಮಗಳು, ಸೊಸೆ, ಕೆಲವೊಮ್ಮೆ ಮಗ ಅಥವಾ ಗಂಡ. ಈ ಇಬ್ಬರನ್ನೂ ಒಟ್ಟಿಗೆ ಗಮನಿಸುವ ಕಾರ್ಯಕ್ರಮಗಳು ನಮ್ಮ ಆಸುಪಾಸಿನಲ್ಲೇ ನಡೆದಿವೆ. ಅವುಗಳ ಪರಿಚಯವನ್ನು ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇವೆ.

ಕೆಲವು ಅಂಕಿ ಅಂಶಗಳು

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ, ಅಂದರೆ ಒಟ್ಟು ಜನಸಂಖ್ಯೆಯ ಶೇಕಡಾ 8.6. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 9.5, ಗೋವಾದಲ್ಲಿ ಶೇಕಡಾ 11.2, ಕೇರಳದಲ್ಲಿ ಶೇಕಡಾ 12.6 ಇತ್ತು. ಪಶ್ಚಿಮ ಕರಾವಳಿಯಲ್ಲಿ ಹಿರಿಯರ ಪ್ರಮಾಣ ಹೆಚ್ಚಾಗಲು ಕಾರಣ ತಿಳಿದದ್ದೇ. ಇಲ್ಲಿ ಆಯಸ್ಸು ಹೆಚ್ಚಿದೆ, ಮಕ್ಕಳ ಸಂಖ್ಯೆ ಕಡಿಮೆಯಾಗಿದೆ, ದುಡಿಯುವ ವಯಸ್ಸಿನವರು ಮುಂಬೈ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳು ಎಂದು ಊರು ಬಿಟ್ಟಿದ್ದಾರೆ. ಹಿಂದೆ ಒಂದು ಮನೆಯಲ್ಲಿ ನಾಲ್ಕಾರು ಮಂದಿ ಹಂಚಿಕೊಳ್ಳುತ್ತಿದ್ದ ಆರೈಕೆಯ ಹೊರೆ ಈಗ ಒಬ್ಬರ ತಲೆಯ ಮೇಲೆ ಬಿದ್ದಿದೆ.

ಇದಕ್ಕೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಸೇರಿಕೊಂಡರೆ ಹೊರೆ ಇನ್ನಷ್ಟು ಭಾರ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಒಂದು ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ನಮ್ಮಲ್ಲಿ ಇದನ್ನು 'ಅರವತ್ತಕ್ಕೆ ಅರಳು ಮರಳು' ಎಂದು ನಕ್ಕು ಬಿಟ್ಟುಬಿಡುವುದೇ ಹೆಚ್ಚು. ಆದರೆ ಡಿಮೆನ್ಷಿಯಾ ವಯಸ್ಸಿನ ಸಹಜ ಲಕ್ಷಣವಲ್ಲ, ಅದು ಮಿದುಳಿನ ಕಾಯಿಲೆ. ಇಟ್ಟ ಕನ್ನಡಕ ಎಲ್ಲಿದೆ ಎಂದು ಮರೆಯುವುದು ಬೇರೆ, ಕನ್ನಡಕ ಯಾತಕ್ಕೆ ಎಂಬುದೇ ಮರೆತುಹೋಗುವುದು ಬೇರೆ.

ಗೋವಾ: ಮನೆಗೆ ಬರುವ ಸಲಹೆಗಾರರು

ಆರೈಕೆ ಮಾಡುವವರಿಗಾಗಿಯೇ ರೂಪಿಸಿದ ಒಂದು ಮುಖ್ಯ ಪ್ರಯೋಗ ನಡೆದದ್ದು ನೆರೆಯ ಗೋವಾದಲ್ಲಿ. ಅದರ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

1992ರಲ್ಲಿ ಕೇರಳದ ಡಾ. ಕೆ. ಜೇಕಬ್ ರಾಯ್ ಅವರ ಮುಂದಾಳತ್ವದಲ್ಲಿ ಮರೆವಿನ ಕಾಯಿಲೆಯವರಿಗಾಗಿ ಭಾರತದ ಮೊದಲ ರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು. ಅವರ ತಂದೆಗೇ ಅಲ್ಜೈಮರ್ ಕಾಯಿಲೆ ಬಂದಿತ್ತು. 1998ರಲ್ಲಿ ಕೊಚ್ಚಿಯಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ '10/66' ಎಂಬ ವಿಚಿತ್ರ ಹೆಸರಿನ ಸಂಶೋಧಕರ ತಂಡ ರೂಪುಗೊಂಡಿತು. ಹೆಸರಿನ ಅರ್ಥ ಸರಳ. ಡಿಮೆನ್ಷಿಯಾ ಇರುವವರಲ್ಲಿ ಶೇಕಡಾ 66 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದರೂ ಸಂಶೋಧನೆಯಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಭಾಗ ಮಾತ್ರ ಅವರ ಬಗ್ಗೆ ನಡೆಯುತ್ತಿತ್ತು.

ಗೋವಾದಲ್ಲಿ 1996ರಿಂದ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ 'ಸಂಗಾತ್' ಸಂಸ್ಥೆಯೊಂದಿಗೆ ಡಾ. ಅಮಿತ್ ಡಯಸ್, ಡಾ. ವಿಕ್ರಮ್ ಪಟೇಲ್ ಮೊದಲಾದವರು ಮನೆ ಆರೈಕೆಯ ಒಂದು ಕಾರ್ಯಕ್ರಮ ಕೈಗೊಂಡರು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಎರಡು ತಾಲೂಕುಗಳ 81 ಕುಟುಂಬಗಳು ಇದರಲ್ಲಿ ಭಾಗವಹಿಸಿದ್ದವು. ಮನೆಗಳಿಗೆ ಹೋಗುತ್ತಿದ್ದವರು ವೈದ್ಯರಲ್ಲ, ಆಸ್ಪತ್ರೆಯ ದಾದಿಯರಲ್ಲ. ಊರಿನ ಭಾಷೆ ಬಲ್ಲ, ಜನರೊಡನೆ ಹೊಂದಿಕೊಳ್ಳಬಲ್ಲ ಸಾಮಾನ್ಯ ವಿದ್ಯಾಭ್ಯಾಸದವರನ್ನು ಆರಿಸಿ, ಅವರಿಗೆ ಒಂದು ವಾರದ ತರಬೇತಿ ಕೊಟ್ಟು 'ಮನೆ ಆರೈಕೆ ಸಲಹೆಗಾರರು' ಎಂದು ನೇಮಿಸಲಾಗಿತ್ತು. ಅವರ ಬೆನ್ನ ಹಿಂದೆ ಒಬ್ಬ ಆಪ್ತ ಸಲಹೆಗಾರರು ಮತ್ತು ಒಬ್ಬ ಮನೋವೈದ್ಯರು ಇದ್ದರು. ಕನಿಷ್ಠ ಹದಿನೈದು ದಿನಕ್ಕೊಮ್ಮೆಯಂತೆ ಆರು ತಿಂಗಳು ಈ ಭೇಟಿ ನಡೆಯಿತು.

ಅವರು ಮಾಡಿದ ಕೆಲಸಗಳು ಇವು: ಕಾಯಿಲೆ ಎಂದರೇನು ಎಂದು ಮನೆಯವರಿಗೆ ತಿಳಿಸುವುದು, ಸಿಟ್ಟು, ಅನುಮಾನ, ರಾತ್ರಿ ನಿದ್ದೆ ಮಾಡದೆ ತಿರುಗಾಡುವುದು ಮುಂತಾದ ವರ್ತನೆಗಳನ್ನು ಹೇಗೆ ನಿಭಾಯಿಸಬೇಕೆಂದು ತೋರಿಸುವುದು, ಸ್ನಾನ, ಊಟ, ಶೌಚದ ವಿಷಯದಲ್ಲಿ ನೆರವಾಗುವುದು, ಅಗತ್ಯವಿದ್ದಲ್ಲಿ ವೈದ್ಯರಲ್ಲಿಗೆ ಕಳುಹಿಸುವುದು, ಸರಕಾರದ ಯೋಜನೆಗಳ ಮಾಹಿತಿ ಕೊಡುವುದು, ಇಂತಹ ಮನೆಗಳವರನ್ನು ಒಬ್ಬರಿಗೊಬ್ಬರು ಪರಿಚಯಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ಆರೈಕೆ ಮಾಡುವವರ ಮಾತನ್ನು ಕುಳಿತು ಕೇಳುವುದು.

ಫಲಿತಾಂಶ ಗಮನಿಸತಕ್ಕದ್ದು. ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸ್ಪಷ್ಟವಾಗಿ ಸುಧಾರಿಸಿತು, ರೋಗಿಯ ವರ್ತನೆಯಿಂದ ಅವರಿಗಾಗುತ್ತಿದ್ದ ಸಂಕಟ ಕಡಿಮೆಯಾಯಿತು. ಆದರೆ ರೋಗಿಯ ಲಕ್ಷಣಗಳಲ್ಲಿ ಖಚಿತವಾಗಿ ಹೇಳಬಹುದಾದಂತಹ ಬದಲಾವಣೆ ಆಗಲಿಲ್ಲ. ಅಂದರೆ ಅಜ್ಜಿ ಮೊದಲಿನಂತೆಯೇ ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುತ್ತಿದ್ದರು, ಆದರೆ ಸೊಸೆಗೆ ಅದನ್ನು ತಾಳಿಕೊಳ್ಳುವ ಶಕ್ತಿ ಬಂದಿತ್ತು. ಇದು ಸಣ್ಣ ಅಧ್ಯಯನ, ಕುಟುಂಬಗಳ ಸಂಖ್ಯೆಯೂ ಕಡಿಮೆ. ಆದರೂ ಗುಣಪಡಿಸಲಾಗದ ಕಾಯಿಲೆಯ ಮನೆಯಲ್ಲೂ ಮಾಡಬಹುದಾದ ಕೆಲಸ ಇದೆ, ಅದನ್ನು ಊರಿನವರೇ ಮಾಡಬಹುದು ಎಂಬುದನ್ನು ಇದು ತೋರಿಸಿಕೊಟ್ಟಿತು.

ಕೇರಳ: ನೆರೆಹೊರೆಯವರ ಜಾಲ

ಕೇರಳದ ಉಪಶಾಮಕ ಆರೈಕೆಯ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರಬಹುದು. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕ್ಯಾನ್ಸರ್ ರೋಗಿಗಳ ನೋವು ನಿವಾರಣೆಗಾಗಿ ಒಂದು ಸಂಘ ಪ್ರಾರಂಭಿಸಿದರು. ಕೆಲವೇ ವರ್ಷಗಳಲ್ಲಿ ಒಂದು ಸತ್ಯ ಅವರಿಗೆ ಅರಿವಾಯಿತು. ತೀರಾ ಕಷ್ಟದಲ್ಲಿರುವ ರೋಗಿ ಆಸ್ಪತ್ರೆಗೆ ಬರುವ ಸ್ಥಿತಿಯಲ್ಲಿಯೇ ಇರುವುದಿಲ್ಲ, ಬಸ್ಸಿಗೆ ಕೊಡಲು ದುಡ್ಡೂ ಇರುವುದಿಲ್ಲ. ರೋಗಿ ಬರಲಾಗದಿದ್ದರೆ ನಾವೇ ಹೋಗಬೇಕು. ಆದರೆ ಪ್ರತಿ ಮನೆಗೂ ವೈದ್ಯರನ್ನು ಕಳುಹಿಸುವುದು ಸಾಧ್ಯವಿಲ್ಲ.

ಹೀಗಾಗಿ 1990ರ ದಶಕದ ಕೊನೆಯಿಂದ ಮಲಪ್ಪುರಂ ಮತ್ತು ಕೋಝಿಕ್ಕೋಡ್ ಕಡೆ 'ನೆರೆಹೊರೆಯ ಜಾಲ' ಎಂಬ ಪದ್ಧತಿ ಬೆಳೆಯಿತು. ಊರಿನ ಶಿಕ್ಷಕರು, ಅಂಗಡಿಯವರು, ಗೃಹಿಣಿಯರು, ಆಟೋ ಚಾಲಕರು, ವಿದ್ಯಾರ್ಥಿಗಳು ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡುವ ಒಪ್ಪಿಗೆಯ ಮೇಲೆ ಸ್ವಯಂಸೇವಕರಾದರು. ಅವರಿಗೆ ಸುಮಾರು 16 ಗಂಟೆಗಳ ಪಾಠ ಮತ್ತು ಅದರ ಮೇಲೆ ಕೆಲವು ದಿನ ನುರಿತವರೊಂದಿಗೆ ಮನೆ ಭೇಟಿಯ ಅಭ್ಯಾಸ. ರೋಗಿಯನ್ನು ಹೇಗೆ ಮಾತನಾಡಿಸಬೇಕು, ಹಾಸಿಗೆ ಹುಣ್ಣನ್ನು ಹೇಗೆ ಗುರುತಿಸಬೇಕು, ಯಾವುದನ್ನು ನರ್ಸಿಗೆ ತಿಳಿಸಬೇಕು ಎಂಬುದು ಪಾಠದ ವಿಷಯ. ಖರ್ಚಿಗೆ ಬೇಕಾದ ಹಣವನ್ನು ಅಂಗಡಿಗಳಲ್ಲಿ ಇಟ್ಟ ಡಬ್ಬಿಗಳಿಂದ, ಸಾಮಾನ್ಯ ಜನರ ಚಿಲ್ಲರೆ ದಾನದಿಂದ ಸಂಗ್ರಹಿಸಲಾಯಿತು. ದೊಡ್ಡ ದಾನಿಗಳ ಹಣಕ್ಕಿಂತ ಸಾವಿರ ಮನೆಗಳ ಒಂದೊಂದು ರೂಪಾಯಿ ಹೆಚ್ಚು ಬಾಳಿಕೆ ಬರುತ್ತದೆ ಎಂಬುದು ಅವರ ಅನುಭವ. ಕೊಟ್ಟವರಿಗೆ ಅದು ತಮ್ಮ ಕೆಲಸ ಎನಿಸುತ್ತದೆ.

ಮೊದಲು ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಇದ್ದ ಈ ಸೇವೆ ಮುಂದೆ ಪಾರ್ಶ್ವವಾಯು ಪೀಡಿತರು, ಬೆನ್ನುಹುರಿಗೆ ಪೆಟ್ಟಾದವರು, ವಯಸ್ಸಿನಿಂದ ಹಾಸಿಗೆ ಹಿಡಿದವರು ಎಲ್ಲರಿಗೂ ವಿಸ್ತರಿಸಿತು. ಮನೆಗೆ ಹೋದ ಸ್ವಯಂಸೇವಕರು ರೋಗಿಯನ್ನು ಮಾತ್ರ ನೋಡಲಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ಇದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಆರೈಕೆ ಮಾಡುವವಳು ಎಷ್ಟು ದಿನದಿಂದ ಸರಿಯಾಗಿ ಮಲಗಿಲ್ಲ ಎಂಬುದನ್ನೂ ನೋಡಿದರು. ಒಬ್ಬರು ಹಾಸಿಗೆ ಹಿಡಿದರೆ ಇಡೀ ಮನೆಯೇ ಹಾಸಿಗೆ ಹಿಡಿಯುತ್ತದೆ ಎಂಬ ತಿಳಿವಳಿಕೆ ಈ ಕೆಲಸದ ಅಡಿಗಲ್ಲು.

2008ರಲ್ಲಿ ಕೇರಳ ಸರಕಾರ ಉಪಶಾಮಕ ಆರೈಕೆಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಭಾರತದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಅದು. ಆ ನಂತರ ಪಂಚಾಯತುಗಳು ತಮ್ಮ ಯೋಜನಾ ಹಣದಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ, ತರಬೇತಾದ ನರ್ಸನ್ನು ಮನೆಮನೆಗೆ ಕಳುಹಿಸುವ ವ್ಯವಸ್ಥೆ ಬಂತು. ಜನರು ಪ್ರಾರಂಭಿಸಿದ ಕೆಲಸವನ್ನು ಸರಕಾರ ಕೈಗೆತ್ತಿಕೊಂಡದ್ದರಿಂದ ಅದು ಉಳಿಯಿತು. ಡಾ. ರಾಜಗೋಪಾಲ್ 2003ರಲ್ಲಿ ತಿರುವನಂತಪುರದಲ್ಲಿ 'ಪಾಲಿಯಂ ಇಂಡಿಯಾ' ಸ್ಥಾಪಿಸಿದರು. ನೋವಿನಿಂದ ನರಳುವವರಿಗೆ ಮಾರ್ಫಿನ್ ಸಿಗುವಂತಾಗಬೇಕೆಂದು ಅವರು ಮತ್ತು ಇತರರು ನಡೆಸಿದ ದೀರ್ಘ ಪ್ರಯತ್ನದ ಫಲವಾಗಿ 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿಯಾಯಿತು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಆರೈಕೆಗೆ ಹಣ ಕೊಡಬೇಕೇ?

ಕೇರಳದ ಇನ್ನೊಂದು ಯೋಜನೆ 'ಆಶ್ವಾಸಕಿರಣಂ'. ಹಾಸಿಗೆ ಹಿಡಿದವರನ್ನು, ತೀವ್ರ ಅಂಗವೈಕಲ್ಯ ಉಳ್ಳವರನ್ನು ಪೂರ್ಣ ಸಮಯ ನೋಡಿಕೊಳ್ಳುವವರಿಗೆ ತಿಂಗಳಿಗಿಷ್ಟು ಎಂದು ಸಹಾಯಧನ ಕೊಡುವ ಯೋಜನೆ ಇದು. ಸಣ್ಣ ಮೊತ್ತದಿಂದ ಪ್ರಾರಂಭವಾಗಿ ಅದು 600 ರೂಪಾಯಿಗೆ ಏರಿತು. ಮೊತ್ತ ಅಲ್ಪ, ಎರಡು ದಿನದ ಕೂಲಿಗೂ ಸಾಲದು. ಆದರೆ ಹಣ ರೋಗಿಯ ಹೆಸರಿಗೆ ಮಾತ್ರವಲ್ಲ, ದುಡಿಮೆ ಬಿಟ್ಟು ಮನೆಯಲ್ಲಿ ಕುಳಿತವರ ಹೆಸರಿಗೂ ಬರಬೇಕು ಎಂಬ ವಿಚಾರ ನಮ್ಮ ದೇಶದಲ್ಲಿ ಹೊಸದು.

ಈ ವಿಷಯದಲ್ಲಿ ಬೇರೆ ದೇಶಗಳಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ಜಪಾನ್ 2000ದ ಏಪ್ರಿಲ್‌ನಿಂದ ದೀರ್ಘಕಾಲದ ಆರೈಕೆಗೆ ವಿಮೆ ಜಾರಿಗೆ ತಂದಿತು. 40 ವರ್ಷ ದಾಟಿದವರೆಲ್ಲರೂ ಕಂತು ಕಟ್ಟುತ್ತಾರೆ. 65 ದಾಟಿದವರಿಗೆ ಅಗತ್ಯವಿದ್ದಲ್ಲಿ ಮನೆಗೆ ಸಹಾಯಕರು, ಹಗಲು ಕೇಂದ್ರ, ಮನೆಯವರಿಗೆ ಬಿಡುವು ಸಿಗಲೆಂದು ಕೆಲವು ದಿನಗಳ ತಂಗುವಿಕೆ ಮುಂತಾದ ಸೇವೆಗಳು ಸಿಗುತ್ತವೆ. ಆದರೆ ಕುಟುಂಬಕ್ಕೆ ನಗದು ಕೊಡುವುದಿಲ್ಲ. ಹಣ ಕೊಟ್ಟರೆ 'ದುಡ್ಡು ಬರುತ್ತದಲ್ಲ, ನೀನೇ ನೋಡಿಕೋ' ಎಂದು ಸೊಸೆಯನ್ನೇ ಮತ್ತೆ ಮನೆಯೊಳಗೆ ಕಟ್ಟಿಹಾಕುತ್ತಾರೆ ಎಂದು ಅಲ್ಲಿನ ಮಹಿಳಾ ಸಂಘಟನೆಗಳು ವಾದಿಸಿದ್ದವು. ಇದಕ್ಕೆ ಐದು ವರ್ಷ ಮೊದಲೇ ವಿಮೆ ತಂದ ಜರ್ಮನಿಯಲ್ಲಿ ಸೇವೆ ಅಥವಾ ಹಣ ಎರಡರಲ್ಲಿ ಆರಿಸಿಕೊಳ್ಳಬಹುದು. ಎರಡು ದಾರಿಗಳಿಗೂ ಅದರದರ ನ್ಯಾಯವಿದೆ. ನಮ್ಮ ಊರುಗಳಲ್ಲಿ ಹೆಚ್ಚಿನವರಿಗೆ ಎರಡೂ ಇಲ್ಲ. ಆರೈಕೆ ಮಾಡುವ ಬಹುಪಾಲು ಮಂದಿಗೆ ಹಣವೂ ಇಲ್ಲ, ಬಿಡುವೂ ಇಲ್ಲ.

ಬೆಂಗಳೂರು: ಸಹಾಯವಾಣಿ ಮತ್ತು ಹಗಲು ಕೇಂದ್ರ

ನಮ್ಮ ರಾಜ್ಯದಲ್ಲಿ 1998ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹಿರಿಯರಿಗಾಗಿ ಹಲವು ಹೊಸ ಕೆಲಸಗಳನ್ನು ಕೈಗೊಂಡಿದೆ. 2002ರಲ್ಲಿ ಬೆಂಗಳೂರು ನಗರ ಪೊಲೀಸರ ಸಹಯೋಗದಲ್ಲಿ 1090 ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ಅದು ಪ್ರಾರಂಭಿಸಿತು. ಮಕ್ಕಳಿಂದ ಹಿಂಸೆ, ಆಸ್ತಿಯ ತಗಾದೆ, ಒಂಟಿತನ ಮುಂತಾದ ತೊಂದರೆಗಳಿಗೆ ಆಪ್ತ ಸಲಹೆ ಮತ್ತು ಪೊಲೀಸ್ ಬೆಂಬಲ ಎರಡೂ ಒಂದೇ ಕಡೆ ದೊರೆಯುವುದು ಇದರ ವಿಶೇಷ. ತಾಯಿಯೊಬ್ಬಳು ಮಗನ ಮೇಲೆ ದೂರು ಕೊಡಲು ಹಿಂಜರಿಯುತ್ತಾಳೆ. ಆಕೆಗೆ ಬೇಕಾದದ್ದು ಮಗನಿಗೆ ಶಿಕ್ಷೆಯಲ್ಲ, ಮನೆಯಲ್ಲಿ ನೆಮ್ಮದಿ. ಆದ್ದರಿಂದಲೇ ಮಾತುಕತೆಗೆ ಇಲ್ಲಿ ಮೊದಲ ಸ್ಥಾನ. 2010ರಲ್ಲಿ ಇದೇ ಸಂಸ್ಥೆ ಡಿಮೆನ್ಷಿಯಾ ಉಳ್ಳವರಿಗಾಗಿ ಒಂದು ಪ್ರತ್ಯೇಕ ಕೇಂದ್ರವನ್ನು ತೆರೆಯಿತು.

ರೋಗಿಗಳನ್ನು ಬೆಳಿಗ್ಗೆ ಕರೆದುಕೊಂಡು ಬಂದು ಸಂಜೆ ಮನೆಗೆ ಕಳುಹಿಸುವ ಹಗಲು ಕೇಂದ್ರದ ಕಲ್ಪನೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಮನೆಯವರಿಗೆ ಇದರಿಂದ ಬಹಳ ದೊಡ್ಡ ಉಪಕಾರ. ಉದ್ಯೋಗ ಬಿಡದೆ, ಅಪ್ಪ ಅಮ್ಮನನ್ನು ಆಶ್ರಮಕ್ಕೆ ಸೇರಿಸದೆ, ಮನೆಯಲ್ಲೇ ಇಟ್ಟುಕೊಳ್ಳಲು ಅದು ದಾರಿ ಮಾಡಿಕೊಡುತ್ತದೆ.

ದೇಶದ ಎಲ್ಲ ಕಡೆಗೂ ಅನ್ವಯಿಸುವ 14567 ಸಂಖ್ಯೆಯ ಹಿರಿಯರ ಸಹಾಯವಾಣಿ 2021ರಲ್ಲಿ ಜಾರಿಗೆ ಬಂದಿದೆ. ಕರೆ ಉಚಿತ. ಈ ಸಂಖ್ಯೆಯನ್ನು ಪ್ರತಿಯೊಂದು ಚರ್ಚಿನ ಸೂಚನಾ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬಹುದು.

ಕಾನೂನು ಏನು ಹೇಳುತ್ತದೆ

ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆ ಹಾಗೂ ಕ್ಷೇಮಪಾಲನೆ ಕಾಯಿದೆ 2007ರಲ್ಲಿ ಬಂತು. ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ಹೆತ್ತವರು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನಮ್ಮ ರಾಜ್ಯದಲ್ಲಿ ಸಹಾಯಕ ಆಯುಕ್ತರು ಇದರ ಮುಖ್ಯಸ್ಥರು. ಅರ್ಜಿಯನ್ನು 90 ದಿನಗಳೊಳಗೆ, ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನಗಳೊಳಗೆ ತೀರ್ಮಾನಿಸಬೇಕು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಬಳಿಕ ಕೈಬಿಟ್ಟರೆ, ಕಾಯಿದೆಯ 23ನೇ ವಿಧಿಯಂತೆ ಆ ವರ್ಗಾವಣೆಯನ್ನು ರದ್ದು ಮಾಡಿಸಲು ಅವಕಾಶವಿದೆ. ಆದ್ದರಿಂದ ದಾನಪತ್ರ ಬರೆಯುವವರು ನೋಡಿಕೊಳ್ಳುವ ಷರತ್ತನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸುವುದು ಕ್ಷೇಮ.

ಒಂದು ಮಾತನ್ನು ಗಮನಿಸಬೇಕು. ಈ ಕಾಯಿದೆ 'ಮಕ್ಕಳು' ಎಂದಾಗ ಹೆಸರಿಸುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ನಿಜವಾಗಿ ಕೈಯಿಂದ ಕೆಲಸ ಮಾಡುವ ಸೊಸೆಯ ಹೆಸರು ಅಲ್ಲಿಲ್ಲ. ಕಾನೂನು ಹಣದ ಹೊಣೆಯನ್ನು ಹಂಚುತ್ತದೆ, ದುಡಿಮೆಯ ಹೊರೆಯನ್ನು ಹಂಚುವುದಿಲ್ಲ. ಅದನ್ನು ಹಂಚಬೇಕಾದವರು ಕುಟುಂಬದವರು ಮತ್ತು ಸಮುದಾಯದವರು.

ಹೊರದೇಶಗಳ ಎರಡು ಸರಳ ಉಪಾಯಗಳು

ಹಣ, ಕಟ್ಟಡ ಹೆಚ್ಚು ಬೇಡದ ಎರಡು ಪ್ರಯೋಗಗಳನ್ನು ಇಲ್ಲಿ ಹೇಳಬೇಕು. 1997ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಬೆರೆ ಮೀಸನ್ ಎಂಬ ಮನಶ್ಶಾಸ್ತ್ರಜ್ಞರು 'ಅಲ್ಜೈಮರ್ ಕಫೆ' ಆರಂಭಿಸಿದರು. ತಿಂಗಳಿಗೊಮ್ಮೆ ಕಾಯಿಲೆಯವರು, ಮನೆಯವರು, ವೈದ್ಯರು ಒಂದೆಡೆ ಸೇರುವುದು, ಕಾಫಿ ಕುಡಿಯುವುದು, ಒಂದು ವಿಷಯದ ಮೇಲೆ ಮಾತು ಕೇಳುವುದು, ಪ್ರಶ್ನೆ ಕೇಳುವುದು, ಅಷ್ಟೇ. ಮನೆಯಲ್ಲೂ ಬಾಯಿ ಬಿಟ್ಟು ಹೇಳಲು ನಾಚುತ್ತಿದ್ದ ಕಾಯಿಲೆಯ ಬಗ್ಗೆ ಮುಕ್ತವಾಗಿ ಮಾತನಾಡಲು ಸ್ಥಳ ಸಿಕ್ಕಿತು. ಈ ಪದ್ಧತಿ ಅನೇಕ ದೇಶಗಳಿಗೆ ಹರಡಿದೆ.

ಜಪಾನ್ 2004ರಲ್ಲಿ ಈ ಕಾಯಿಲೆಯ ಹಳೆಯ ಹೆಸರು ಅವಮಾನಕರ ಎಂದು ಅದನ್ನೇ ಬದಲಿಸಿತು. ಮರುವರ್ಷ ಸಾಮಾನ್ಯ ಜನರಿಗೆ ಸುಮಾರು ಒಂದೂವರೆ ಗಂಟೆಯ ತರಬೇತಿ ಕೊಟ್ಟು 'ಡಿಮೆನ್ಷಿಯಾ ಬೆಂಬಲಿಗರು' ಎಂದು ಗುರುತಿಸಿ, ಕೈಗೆ ಕಿತ್ತಳೆ ಬಣ್ಣದ ಪಟ್ಟಿ ಕೊಡುವ ಕಾರ್ಯಕ್ರಮ ಪ್ರಾರಂಭವಾಯಿತು. ಬ್ಯಾಂಕಿನ ಸಿಬ್ಬಂದಿ, ಅಂಗಡಿಯವರು, ಶಾಲಾ ಮಕ್ಕಳು ಸೇರಿ ಒಂದು ಕೋಟಿಗೂ ಹೆಚ್ಚು ಮಂದಿ ಈ ತರಬೇತಿ ಪಡೆದಿದ್ದಾರೆ. ದಾರಿ ತಪ್ಪಿ ನಿಂತ ಅಜ್ಜನನ್ನು ಗುರುತಿಸಿ, ಗದರಿಸದೆ, ಮೆಲ್ಲನೆ ಮಾತನಾಡಿಸಿ ಮನೆಗೆ ಮುಟ್ಟಿಸುವಷ್ಟು ತಿಳಿದರೆ ಸಾಕು ಎಂಬುದು ಇದರ ಉದ್ದೇಶ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಡಿಮೆನ್ಷಿಯಾ ಆರೈಕೆದಾರರಿಗಾಗಿ 'ಐಸಪೋರ್ಟ್' ಎಂಬ ಕೈಪಿಡಿಯನ್ನು ಹೊರತಂದಿದೆ. ಅದರ ಐದು ಭಾಗಗಳಲ್ಲಿ ಒಂದು ಪೂರ್ತಿ ಭಾಗ ಆರೈಕೆ ಮಾಡುವವರು ತಮ್ಮನ್ನು ತಾವು ನೋಡಿಕೊಳ್ಳುವ ಬಗೆಗೆ ಮೀಸಲು.

ಧರ್ಮಕೇಂದ್ರದ ಮಟ್ಟದಲ್ಲಿ ಏನು ಮಾಡಬಹುದು

ವಿಶ್ವಗುರು ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ, ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವೆಂದು ಸ್ಥಾಪಿಸಿದರು. ಆ ದಿನ ಚರ್ಚಿಗೆ ಬರಬಲ್ಲ ಹಿರಿಯರಿಗೆ ಹೂ ಕೊಟ್ಟು ಸನ್ಮಾನಿಸುತ್ತೇವೆ. ಬರಲಾಗದವರ ಮತ್ತು ಅವರನ್ನು ಬಿಟ್ಟು ಬರಲಾಗದವರ ಪಾಲಿಗೂ ಆ ದಿನ ಸಲ್ಲಬೇಕು. ಮೇಲಿನ ಪ್ರಯೋಗಗಳಿಂದ ನಮ್ಮ ವಾರ್ಡುಗಳಿಗೆ ಹೊಂದುವ ಕೆಲವು ಕೆಲಸಗಳನ್ನು ಸೂಚಿಸುತ್ತಿದ್ದೇವೆ.

1. ಪಟ್ಟಿ ಮಾಡುವುದು. ಪ್ರತಿ ವಾರ್ಡಿನಲ್ಲಿ ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು ಎಷ್ಟು ಮಂದಿ ಎಂದು ಗುರ್ಕಾರರು ಬರೆದಿಡಲಿ. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ: ನೋಡಿಕೊಳ್ಳುವವರು ಯಾರು, ಅವರ ವಯಸ್ಸೆಷ್ಟು, ಅವರಿಗೆ ಬದಲಿ ಇದ್ದಾರೆಯೇ? 75 ವರ್ಷದ ಗಂಡನನ್ನು 70 ವರ್ಷದ ಹೆಂಡತಿ ಎತ್ತಿ ಕೂರಿಸುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ.

2. ವಾರಕ್ಕೆ ಎರಡು ಗಂಟೆಯ ಬಿಡುವು. ಆರೈಕೆ ಮಾಡುವವರು ಭಾನುವಾರದ ಬಲಿಪೂಜೆಗೆ, ಬ್ಯಾಂಕಿಗೆ, ತಮ್ಮದೇ ಔಷಧಿಗೆ ಹೋಗಿಬರಲು, ಅಥವಾ ಸುಮ್ಮನೆ ಮಲಗಲು ಅನುಕೂಲವಾಗುವಂತೆ ಇಬ್ಬರು ಸ್ವಯಂಸೇವಕರು ಆ ಹೊತ್ತಿಗೆ ರೋಗಿಯ ಬಳಿ ಕುಳಿತುಕೊಳ್ಳಬಹುದು. ವಿನ್ಸೆಂಟ್ ದೆ ಪಾವ್ಲ್ ಸಭೆ, ಸ್ತ್ರೀ ಸಂಘಟನೆ, ಯುವಜನರು ಇದನ್ನು ಹಂಚಿಕೊಳ್ಳಬಹುದು.

3. ಸಲಕರಣೆಗಳ ಭಂಡಾರ. ಗಾಲಿಕುರ್ಚಿ, ಗಾಳಿಹಾಸಿಗೆ, ಕಮೋಡು ಕುರ್ಚಿ, ನಡೆಗೋಲು ಇವುಗಳನ್ನು ಮನೆಯವರು ದುಬಾರಿ ಬೆಲೆಗೆ ಕೊಂಡು, ಹಿರಿಯರು ತೀರಿಕೊಂಡ ಮೇಲೆ ಅಟ್ಟಕ್ಕೆ ಹಾಕುತ್ತಾರೆ. ಅವುಗಳನ್ನು ಸಂಗ್ರಹಿಸಿ ಸ್ವಚ್ಛಗೊಳಿಸಿ ಬೇಕಾದವರಿಗೆ ಕೊಡುವ ವ್ಯವಸ್ಥೆಗೆ ಹೆಚ್ಚು ಖರ್ಚಿಲ್ಲ.

4. ತಿಂಗಳ ಕೂಟ. ಆರೈಕೆ ಮಾಡುವವರು ಚರ್ಚಿನ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಸೇರಲಿ. ಒಮ್ಮೆ ಫಿಸಿಯೋಥೆರಪಿಸ್ಟ್, ಇನ್ನೊಮ್ಮೆ ನರ್ಸ್, ಮತ್ತೊಮ್ಮೆ ವಕೀಲರು ಬಂದು ಮಾತನಾಡಲಿ. ಚಹಾದ ಹೊತ್ತಿನ ಮಾತು ಭಾಷಣಕ್ಕಿಂತ ಹೆಚ್ಚು ಉಪಯುಕ್ತ ಎಂಬುದನ್ನು ಮರೆಯಬಾರದು.

5. ಪರಮಪ್ರಸಾದದ ಭೇಟಿ. ಮನೆಗಳಿಗೆ ಪರಮಪ್ರಸಾದ ಒಯ್ಯುವ ಗುರುಗಳು, ಧರ್ಮಭಗಿನಿಯರು ಮತ್ತು ಸೇವಾದರ್ಶಿಗಳು ರೋಗಿಯನ್ನು ವಿಚಾರಿಸಿದಂತೆಯೇ ಆರೈಕೆ ಮಾಡುವವರನ್ನೂ 'ನೀವು ಹೇಗಿದ್ದೀರಿ?' ಎಂದು ಕೇಳಲಿ, ಉತ್ತರಕ್ಕೆ ಕಾಯಲಿ.

6. ದೂರದ ಮಕ್ಕಳ ಪಾಲು. ಕೊಲ್ಲಿ ದೇಶದಲ್ಲಿರುವ ಅಣ್ಣತಮ್ಮಂದಿರು ಹಣ ಕಳುಹಿಸಿದರೆ ಕರ್ತವ್ಯ ಮುಗಿಯಿತು ಎಂದು ಭಾವಿಸುವುದುಂಟು. ಊರಿನಲ್ಲಿರುವ ತಂಗಿಗೆ ವರ್ಷಕ್ಕೆ ಎರಡು ವಾರ ರಜೆ ಸಿಗುವಂತೆ ಬದಲಿ ನರ್ಸಿನ ಖರ್ಚು ಹೊರುವುದು, ತಾವು ರಜೆಗೆ ಬಂದಾಗ ಕೆಲವು ರಾತ್ರಿ ತಾವೇ ಎಚ್ಚರವಿರುವುದು, ಇವೂ ಅವರ ಪಾಲಿನ ಕೆಲಸಗಳೇ.

ಸ್ವಯಂಸೇವಕರಿಗೆ ಕೆಲವು ನಿಯಮಗಳು ಅಗತ್ಯ. ಮನೆ ಭೇಟಿಗೆ ಇಬ್ಬರು ಒಟ್ಟಿಗೆ ಹೋಗಬೇಕು. ಮನೆಯವರ ಹಣ, ಬ್ಯಾಂಕ್ ಪುಸ್ತಕ, ಆಸ್ತಿಪತ್ರಗಳನ್ನು ಮುಟ್ಟಬಾರದು. ಔಷಧಿಯ ಪ್ರಮಾಣವನ್ನು ತಾವಾಗಿ ಬದಲಿಸಬಾರದು. ಒಳಗೆ ಕಂಡದ್ದನ್ನು, ಕೇಳಿದ್ದನ್ನು ಹೊರಗೆ ಆಡಬಾರದು. ಆದರೆ ಹಿರಿಯರಿಗೆ ಹೊಡೆತ, ಉಪವಾಸ, ಕೂಡಿಹಾಕುವಿಕೆಯ ಗುರುತು ಕಂಡರೆ ಮೌನವಾಗಿರದೆ ಧರ್ಮಕೇಂದ್ರದ ಗುರುಗಳಿಗೆ ತಿಳಿಸಬೇಕು ಮತ್ತು ಸಹಾಯವಾಣಿಗೆ ಕರೆ ಮಾಡಬೇಕು.

ಮನೆಯವರು ನೆನಪಿಡಬೇಕಾದದ್ದು

ಮರೆವು ಕಾಣಿಸಿಕೊಂಡೊಡನೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡ ಪರಿಣಾಮ, ಬಿದ್ದು ತಲೆಗೆ ಪೆಟ್ಟಾಗಿರುವುದು ಇವುಗಳಿಂದಲೂ ಮರೆವು ಬರಬಹುದು. ಇವುಗಳಿಗೆ ಚಿಕಿತ್ಸೆ ಇದೆ. ಚೆನ್ನಾಗಿದ್ದ ಹಿರಿಯರು ಒಂದೆರಡು ದಿನದಲ್ಲೇ ಗೊಂದಲಕ್ಕೆ ಬಿದ್ದರೆ ಮೂತ್ರದ ಸೋಂಕು ಅಥವಾ ಬೇರೆ ಸೋಂಕು ಇರಬಹುದು. ಅದನ್ನು ತಡಮಾಡದೆ ತೋರಿಸಬೇಕು.

ಮಲಗಿದ್ದಲ್ಲೇ ಇರುವವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟ, ಹಿಮ್ಮಡಿ, ಬೆನ್ನಿನ ಕೆಳಭಾಗದಲ್ಲಿ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಿ. ಗಂಜಿಯಾಗಲಿ ನೀರಾಗಲಿ ಮಲಗಿಸಿಕೊಂಡು ಕುಡಿಸಬೇಡಿ. ಎತ್ತಿ ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಡಿ. ಬಚ್ಚಲಿನ ಜಾರುವ ನೆಲ ಮತ್ತು ಕತ್ತಲೆಯ ಮೆಟ್ಟಿಲು ಹಿರಿಯರ ವೈರಿಗಳು. ಹಿಡಿಕೆ ಮತ್ತು ದೀಪ ಹಾಕಿಸಿ. ಹೊರಗೆ ಹೋಗಿ ದಾರಿ ತಪ್ಪುವವರ ಜೇಬಿನಲ್ಲಿ ಹೆಸರು ಮತ್ತು ದೂರವಾಣಿ ಸಂಖ್ಯೆ ಇರುವ ಚೀಟಿ ಇಡಿ. ತೀರಿಹೋದ ಅಮ್ಮ ಎಲ್ಲಿ ಎಂದು ಅಜ್ಜಿ ಕೇಳಿದರೆ ವಾದ ಮಾಡಬೇಡಿ. ಅಮ್ಮನ ಬಗ್ಗೆ ಒಂದೆರಡು ಮಾತನ್ನು ಅವರಿಂದಲೇ ಹೇಳಿಸಿ.

ಇನ್ನು ಆರೈಕೆ ಮಾಡುವವರೇ, ನಿಮಗೆ ಒಂದು ಮಾತು. ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಟ್ಟು, ಸೊಂಟನೋವು, ಯಾರೊಡನೆಯೂ ಮಾತು ಬೇಡ ಎನಿಸುವುದು, 'ಒಮ್ಮೆ ಮುಗಿದರೆ ಸಾಕು' ಎಂಬ ಯೋಚನೆ ಬಂದು ಅದಕ್ಕಾಗಿ ಅಳುವುದು, ಇವು ಕೆಟ್ಟತನದ ಗುರುತುಗಳಲ್ಲ, ದಣಿವಿನ ಗುರುತುಗಳು. ಪ್ರೀತಿ ಇದ್ದವರಿಗೂ ದಣಿವಾಗುತ್ತದೆ. ನಿಮ್ಮ ಸ್ವಂತ ರಕ್ತದೊತ್ತಡದ ಮಾತ್ರೆಯನ್ನು ತಪ್ಪಿಸಬೇಡಿ. ಯಾರಾದರೂ 'ಏನಾದರೂ ಬೇಕಿದ್ದರೆ ಹೇಳಿ' ಎಂದರೆ 'ಏನೂ ಬೇಡ' ಎನ್ನದೆ, ಬುಧವಾರ ಸಂಜೆ ನಾಲ್ಕರಿಂದ ಆರರ ತನಕ ಬಂದು ಕುಳಿತುಕೊಳ್ಳಿ ಎಂದು ದಿನ ಮತ್ತು ಹೊತ್ತು ಹೇಳಿ ಕೇಳಿ.

ಕೊನೆಯದಾಗಿ

ಗೋವಾದಲ್ಲಿ ಹಣವಂತ ಆಸ್ಪತ್ರೆ ಈ ಕೆಲಸ ಮಾಡಲಿಲ್ಲ, ಕೇರಳದಲ್ಲಿ ದೊಡ್ಡ ಕಟ್ಟಡ ಕಟ್ಟಿ ಆರಂಭಿಸಲಿಲ್ಲ. ಎರಡು ಕಡೆಯೂ ಊರಿನವರು ಊರಿನವರ ಮನೆಗೆ ಹೋದರು, ಅವರ ಹಿಂದೆ ತಿಳಿದ ವೈದ್ಯರೂ ನರ್ಸುಗಳೂ ನಿಂತರು, ಕೇರಳದಲ್ಲಿ ಪಂಚಾಯತು ಕೈಜೋಡಿಸಿತು. ಈ ಮೂರರಲ್ಲಿ ಒಂದು ತಪ್ಪಿದರೂ ಕೆಲಸ ಬಹುಕಾಲ ನಿಲ್ಲುವುದಿಲ್ಲ. ಉತ್ಸಾಹದಿಂದ ಆರಂಭಿಸಿ ಮೂರು ತಿಂಗಳಲ್ಲಿ ಕೈಬಿಟ್ಟ ಭೇಟಿಗಳಿಂದ ಒಂಟಿ ಮನೆಗಳಿಗೆ ನಿರಾಶೆಯೇ ಹೆಚ್ಚಾಗುತ್ತದೆ. ಆದ್ದರಿಂದ ಹತ್ತು ಮನೆಗಳ ಬದಲು ಮೊದಲು ಎರಡೇ ಮನೆಗಳಿಂದ ಪ್ರಾರಂಭಿಸಿ, ಒಂದು ವರ್ಷ ತಪ್ಪದೆ ನಡೆಸುವುದು ಉತ್ತಮ ಎಂದು ನಮ್ಮ ವಿನಂತಿ. ನಮ್ಮ ವಾರ್ಡಿನಲ್ಲಿ ಆ ಎರಡು ಮನೆಗಳು ಯಾವುವು ಎಂಬುದು ನಮಗೆಲ್ಲರಿಗೂ ಈಗಾಗಲೇ ತಿಳಿದಿದೆ.